ಪಾಟೀ ಸವಾಲು ಹಾಳೆಯ ಮೇಲೆ: ದೂರು ಸಮಿತಿ ನಡೆಸಿದ ನನ್ನ ಅನುಭವ

ನಮ್ಮ ಕಾಲೇಜಿನ ಲೈಂಗಿಕ ಕಿರುಕುಳ ದೂರು ಸಮಿತಿಯಲ್ಲಿ ಪಾಟೀ ಸವಾಲನ್ನು, ಅಂದರೆ ಒಬ್ಬರ ಹೇಳಿಕೆಯ ಮೇಲೆ ಎದುರು ಪಕ್ಷದವರು ಕೇಳುವ ಪ್ರಶ್ನೆಗಳನ್ನು, ಬರವಣಿಗೆಯಲ್ಲೇ ಮುಗಿಸುತ್ತೇನೆ ಅಂದಾಗ ಆಡಳಿತ ಮಂಡಳಿಯ ವಕೀಲರು, "ಮೇಡಂ, ಮೇಲ್ಮನವಿಯಲ್ಲಿ ಇದು ನಿಲ್ಲಲ್ಲ" ಅಂದಿದ್ದರು. ನಿಂತಿದೆ. ದೂರಿನ ವಿವರ ಬರೆಯುವಂತಿಲ್ಲ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಅದಕ್ಕೆ ಬಿಡಲ್ಲ. ನಡೆಸಿದ ರೀತಿ ಮಾತ್ರ ಹೇಳುತ್ತೇನೆ.

ನಾನು ಅಧ್ಯಕ್ಷೆಯಾಗುವ ಮೊದಲು ದೂರು ಕೊಟ್ಟವಳನ್ನೂ ಆರೋಪ ಹೊತ್ತವನನ್ನೂ ಒಂದೇ ಮೇಜಿನ ಆಚೆ ಈಚೆ ಕೂರಿಸುತ್ತಿದ್ದರು. ಇಂಟರ್ನಲ್ ಅಂಕ ಕೊಡುವ ಮೇಷ್ಟ್ರು ಎದುರಿಗೇ ಕೂತಿದ್ದರೆ ಹುಡುಗಿ ಏನು ಮಾತಾಡಿಯಾಳು? ಎರಡನೇ ಸಭೆಗೇ ದೂರು ವಾಪಸ್. ಕಡತದಲ್ಲಿ "ರಾಜಿಯಾಗಿದೆ" ಅಂತ ಒಂದು ಸಾಲು. ದೂರುದಾರೆ ತಾನಾಗಿ ಕೇಳದೆ ರಾಜಿಯ ಮಾತೇ ಎತ್ತಬಾರದು ಅಂತ ನಿಯಮ ಇದೆ. ಅದನ್ನು ಯಾರೂ ಓದಿರಲಿಲ್ಲ.

ಈಗ ಇಬ್ಬರಿಗೂ ಬೇರೆ ಬೇರೆ ದಿನ. ಹಾಳೆಯ ಮಧ್ಯೆ ಗೆರೆ ಹೊಡೆದು ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರತಿವಾದಿ, ಅಂದರೆ ಆರೋಪ ಹೊತ್ತವನು, ತನ್ನ ಪ್ರಶ್ನೆಗಳನ್ನು ಲಕೋಟೆಯಲ್ಲಿ ಕೊಡಬೇಕು. ದೂರುದಾರೆಯ ನಡತೆ, ಬಟ್ಟೆ, ಹಳೇ ಸ್ನೇಹದ ಬಗ್ಗೆ ಕೇಳಿದ್ದನ್ನು ನಾವು ತೆಗೆಯುತ್ತೇವೆ. ಯಾಕೆ ತೆಗೆದೆವು ಅಂತ ಪಕ್ಕದಲ್ಲೇ ಬರೆಯುತ್ತೇವೆ. ಮೇಲ್ಮನವಿಯಲ್ಲಿ ನಮ್ಮನ್ನು ಕಾಪಾಡಿದ್ದು ಆ ಕಾರಣದ ಸಾಲುಗಳು. ಉತ್ತರ ಓದಿದ ಮೇಲೆ ಆತ ಇನ್ನೊಂದು ಸುತ್ತು ಕೇಳಬಹುದು. ಪುಟಪುಟಕ್ಕೂ ಎಲ್ಲರ ರುಜು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಆರೋಪ ಹೊತ್ತವರೂ ಓದುತ್ತಾರೆ.

ಪ್ರತಿವಾದಿಗೆ ಇಷ್ಟೊಂದು ಅವಕಾಶ ಯಾಕೆ ಅಂತ ಸಮಿತಿಯ ವಿದ್ಯಾರ್ಥಿ ಸದಸ್ಯರು ಸಿಟ್ಟಾದರು. ಗೋವಾ ವಿಶ್ವವಿದ್ಯಾಲಯದ ಪ್ರಕರಣ ತೋರಿಸಿದೆ. ಆರೋಪಿಗೆ ಸರಿಯಾದ ಅವಕಾಶ ಕೊಡದೆ ವಿಚಾರಣೆಯನ್ನು ಅವಸರದಲ್ಲಿ ಮುಗಿಸಿದ್ದಕ್ಕೆ 2009ರ ದೂರು 2023ರಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಸಮಿತಿ ಮುಂದೆಯೇ ಬಂತು. ಅಷ್ಟು ವರ್ಷ ಕಾದ ಹೆಣ್ಣುಮಕ್ಕಳ ಗತಿ ಏನು? ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ವಿಚಾರಣೆ ಶುರುವಾಗುವ ಮೊದಲೇ ದೂರು ಕೊಟ್ಟ ಹುಡುಗಿಯ ಇಂಟರ್ನಲ್ ಪರೀಕ್ಷೆಯ ಉತ್ತರ ಪುಸ್ತಕಗಳನ್ನು ತಿದ್ದಲು ಬೇರೆ ಅಧ್ಯಾಪಕಿಗೆ ಕೊಡಿಸಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮದಲ್ಲಿ ಇದಕ್ಕೆ ದಾರಿ ಇದೆ. ವಿಭಾಗದ ಮುಖ್ಯಸ್ಥರು ಮುಖ ಗಂಟಿಕ್ಕಿದರು. ಹುಡುಗಿ ಮಾತ್ರ ಮರುದಿನದಿಂದ ತಪ್ಪದೆ ತರಗತಿಗೆ ಬಂದಳು. ಮಾಡಿದ್ದರಲ್ಲೆಲ್ಲ ನನಗೆ ಹೆಮ್ಮೆ ಇರೋದು ಇದರ ಬಗ್ಗೆ.

ಕೆಲವು ಪ್ರಯೋಗಗಳು ಕೈಕೊಟ್ಟವು. ದೂರಿನ ಪೆಟ್ಟಿಗೆಯನ್ನು ಆಫೀಸಿನ ಮುಂದೆ ಇಟ್ಟೆವು, ಎಲ್ಲರ ಕಣ್ಣೆದುರು ಚೀಟಿ ಹಾಕೋರು ಯಾರು? ವರ್ಷವಿಡೀ ಖಾಲಿ. ಹೇಳಿಕೆಯನ್ನು ರೆಕಾರ್ಡ್ ಮಾಡಿ ಹೊರಗೆ ಟೈಪ್ ಮಾಡಿಸೋಣ ಅಂದರೆ ಪುಟಕ್ಕೆ ಮೂವತ್ತು ರೂಪಾಯಿ ಆಸುಪಾಸು ಕೇಳಿದರು. ಅದಕ್ಕಿಂತ ಜಾಸ್ತಿ, ಗುಟ್ಟು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಈಗ ಕೈಬರಹವೇ.

ದುಡ್ಡಿನ ಗೋಳು ಬೇರೆ. ಸಮಿತಿಯಲ್ಲಿರುವ ಕಾಲೇಜಿನ ಹೊರಗಿನ ಸದಸ್ಯೆಗೆ ನಿಯಮದಂತೆ ದಿನಕ್ಕೆ 200 ರೂಪಾಯಿ, ಮೇಲೆ ಪ್ರಯಾಣದ ಖರ್ಚು. ಅವರು ಯಲಹಂಕದಿಂದ ಜಯನಗರದವರೆಗೆ ಟ್ರಾಫಿಕ್ಕಿನಲ್ಲಿ ಬರಬೇಕು, ದಿನವೇ ಹೋಯಿತು. ಅಷ್ಟಾದರೂ ಅಕೌಂಟ್ಸ್‌ನವರು ಆಟೋ ಬಿಲ್ಲು ತಿಂಗಳುಗಟ್ಟಲೆ ಇಟ್ಟುಕೊಂಡರು. ಕೊನೆಗೆ ಸಮಿತಿಯ ಹೆಸರಲ್ಲೇ ವರ್ಷಕ್ಕೆ ಇಪ್ಪತ್ತೈದು ಸಾವಿರದಷ್ಟು ಮುಂಗಡ ತೆಗೆಸಿದೆ. ಜೆರಾಕ್ಸ್, ಪೋಸ್ಟ್, ಆಟೋ ಎಲ್ಲ ಅದರಲ್ಲೇ. ಸಮಿತಿ ಇಲ್ಲದಿದ್ದರೆ ದಂಡ 50,000ದವರೆಗೆ ಅಂತ ತೋರಿಸಿದ ಮೇಲೆ ಪ್ರಿನ್ಸಿಪಾಲರು ಸುಮ್ನೆ ಸಹಿ ಹಾಕಿದರು.

ವಿಚಾರಣೆ ಮುಗಿಸಲು ಗಡುವು 90 ದಿನ. ಬರವಣಿಗೆಯಲ್ಲಿ ನಿಧಾನ ಆಗುತ್ತದೆ ಅಂತ ಹೆದರಿಸಿದ್ದರು. ಎಪ್ಪತ್ತರ ಸುಮಾರಿಗೆ ಮುಗಿಸಿದೆವು. ಸೆಮಿಸ್ಟರ್ ಪರೀಕ್ಷೆ ನಡುವೆ ಬಂದರೆ ಮಾತ್ರ ಕಷ್ಟ, ಸಾಕ್ಷಿಗಳು ಊರಿಗೆ ಹೋಗಿಬಿಡುತ್ತಾರೆ. ಅದಕ್ಕೇ ನಾನು ಮೊದಲ ಎರಡು ವಾರದಲ್ಲೇ ವಿದ್ಯಾರ್ಥಿ ಸಾಕ್ಷಿಗಳ ಹೇಳಿಕೆ ತೆಗೆದುಕೊಳ್ಳೋದು, ಸಿಬ್ಬಂದಿಯದ್ದು ಆಮೇಲೆ.