ಹೊಸ ಕಂಪ್ಯೂಟರ್ ಪದೇ ಪದೇ ಬಂದ್ ಆಗುತ್ತಿದ್ದಾಗ: ನನ್ನ ಅನುಭವ

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಕೆಲಸದ ನಡುವೆ ಕೈಕೊಟ್ಟರೆ ಮೊದಲು ನೋಡಬೇಕಾದ್ದು, ಅದು ಹೇಗೆ ಕೈಕೊಟ್ಟಿತು ಎಂಬುದನ್ನು. ನೀಲಿ ಪರದೆ ಬಂದು ಏನೋ ಒಂದು ಹೆಸರು ತೋರಿಸಿ ರೀಸ್ಟಾರ್ಟ್ ಆಯಿತೋ? ಅಲ್ಲ, ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಬಂದ್ ಆಯಿತೋ? ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ನಮ್ಮ ಮನೆಯಲ್ಲಿ ನಾನು ಜೋಡಿಸಿದ ಯಂತ್ರಕ್ಕೆ ಎರಡೂ ಆಗುತ್ತಿತ್ತು. ತೊಡಕು ಇದ್ದದ್ದೇ ಅಲ್ಲಿ. ಎರಡಕ್ಕೂ ಒಂದೇ ಕಾರಣ ಹುಡುಕುತ್ತ ಕೂತರೆ ಯಾವುದೂ ಕೈಗೆ ಸಿಗುವುದಿಲ್ಲ.

ನನ್ನದು ಯಕ್ಷಗಾನ, ತಾಳಮದ್ದಲೆಗಳ ವಿಡಿಯೊ ಎಡಿಟಿಂಗ್ ಕೆಲಸ. ರಾತ್ರಿಯಿಡೀ ನಡೆದ ಆಟವನ್ನು ಎರಡು ಮೂರು ಕ್ಯಾಮೆರಾದಲ್ಲಿ ಹಿಡಿದರೆ ಹಳೆಯ ಲ್ಯಾಪ್‌ಟಾಪಿಗೆ ಅದು ಹೊರಲಾರದ ಹೊರೆ. ಅದಕ್ಕೇ ರೈಜನ್ 7 7700 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ತರಿಸಿ ಬೇಸಿಗೆಯಲ್ಲಿ ಜೋಡಿಸಿದೆ. ಎಡಿಟ್ ಮುಗಿದ ವಿಡಿಯೊವನ್ನು ಒಂದು ಫೈಲಾಗಿ ಹೊರತೆಗೆಯುವ ಎಕ್ಸ್‌ಪೋರ್ಟ್ ಅರ್ಧಕ್ಕೆ ಬಂದಾಗ ನೀಲಿ ಪರದೆ. ಇನ್ನೊಂದು ದಿನ ಸಂಜೆ ಏನೂ ಸೂಚನೆಯಿಲ್ಲದೆ ಪೂರ್ತಿ ಕತ್ತಲು.

ಕೇಳಿದವರೆಲ್ಲ ಹೇಳಿದ್ದು ಎರಡೇ ಮಾತು: ವಿಂಡೋಸ್ ಹೊಸದಾಗಿ ಹಾಕು, ಇಲ್ಲವೇ ದೊಡ್ಡ ಎಸ್‌ಎಂಪಿಎಸ್ ತಗೋ. ಎರಡನೆಯದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. 7700 ಪ್ರೊಸೆಸರ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ, 4060 ಕಾರ್ಡ್ 115 ವ್ಯಾಟ್. ಫ್ಯಾನು, ಡಿಸ್ಕು, ಬೋರ್ಡು ಎಲ್ಲ ಸೇರಿಸಿದರೂ 300ರ ಒಳಗೆ. 650 ಧಾರಾಳ ಸಾಕು. ಇನ್ನು ವಿಂಡೋಸ್ ಮಾತು. ರ‍್ಯಾಮ್ ಕೆಟ್ಟಿರುವಾಗ ವಿಂಡೋಸ್ ಹಾಕಿದರೆ ಅದೇ ಕೆಟ್ಟ ರ‍್ಯಾಮ್ ಮೂಲಕ ಫೈಲುಗಳು ಡಿಸ್ಕಿಗೆ ಇಳಿಯುತ್ತವೆ. ಹೊಸ ವಿಂಡೋಸೂ ಹುಟ್ಟುವಾಗಲೇ ಹಾಳಾಗಿರಬಹುದು. ಆ ಕೆಲಸ ಕೊನೆಗೆ ಮಾಡುವಂಥದ್ದು.

ನನಗೆ ದಾರಿ ತೋರಿಸಿದ್ದು ವಿಂಡೋಸಿನ ಒಳಗೇ ಇರುವ ಈವೆಂಟ್ ವ್ಯೂಯರ್. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕರ್ನಲ್ ಪವರ್ 41 ಎಂಬ ಕೆಂಪು ಸಾಲುಗಳು ಸಾಲಾಗಿ ಕೂತಿದ್ದವು. 41 ಎಂದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ. ಇದನ್ನು ನೋಡಿಯೇ "ಎಸ್‌ಎಂಪಿಎಸ್ ಹೋಗಿದೆ" ಎಂದು ತೀರ್ಮಾನಿಸುವವರು ಬಹಳ. ಆದರೆ ಆ ಸಾಲನ್ನು ತೆರೆದು ಡೀಟೇಲ್ಸ್ ಟ್ಯಾಬಿಗೆ ಹೋದರೆ ಬಗ್‌ಚೆಕ್ ಕೋಡ್ ಎಂದೊಂದು ಸಂಖ್ಯೆ ಇರುತ್ತದೆ. ನನ್ನಲ್ಲಿ ಕೆಲವಕ್ಕೆ 26, ಕೆಲವಕ್ಕೆ 10, ಉಳಿದವಕ್ಕೆ 0. ಈ 26 ಎಂಬುದು ನೀಲಿ ಪರದೆಯ ಮೆಮೊರಿ ಮ್ಯಾನೇಜ್‌ಮೆಂಟ್ ದೋಷ, 10 ಎಂಬುದು ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ಎಂಬ ಇನ್ನೊಂದು ದೋಷ. 0 ಇದ್ದರೆ ವಿಂಡೋಸಿಗೆ ಏನನ್ನೂ ಬರೆದಿಡಲು ಪುರಸೊತ್ತೇ ಸಿಗಲಿಲ್ಲ, ಒಮ್ಮೆಲೇ ಕರೆಂಟ್ ತಪ್ಪಿತು. (ಹ್ಯಾಂಗ್ ಆದಾಗ ನಾವೇ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿದ್ದರೂ 0 ಬರುತ್ತದೆ, ಅಂಥವನ್ನು ಲೆಕ್ಕದಿಂದ ಬಿಡಬೇಕು.) ಅಲ್ಲಿಗೆ ಸಂಖ್ಯೆ ಇದ್ದವು ಒಂದು ಕಡೆ, ಸೊನ್ನೆಗಳು ಇನ್ನೊಂದು ಕಡೆ ಎಂದು ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿದೆ. ಒಂದೊಂದರ ಮುಂದೆಯೂ ಗಂಟೆ, ಆಗ ಮಾಡುತ್ತಿದ್ದ ಕೆಲಸ.

ಮೊದಲು ಸಂಖ್ಯೆಯ ಪಟ್ಟಿ. ನೀಲಿ ಪರದೆಯ ಹೆಸರು ಪ್ರತಿಸಲ ಬೇರೆ ಬೇರೆ ಬರುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ರ‍್ಯಾಮ್ ಮೇಲೆ. ಒಂದೇ ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಹೆಸರು ಮರಳಿ ಮರಳಿ ಬರುತ್ತದೆ. ನನ್ನ ರ‍್ಯಾಮ್ ಪೊಟ್ಟಣದ ಮೇಲೆ ಅದರ ವೇಗ 6000 ಎಂದು ಬರೆದಿತ್ತು. ಆದರೆ ಡಿಡಿಆರ್5 ತನ್ನಷ್ಟಕ್ಕೆ ಸಾಮಾನ್ಯವಾಗಿ 4800ರಲ್ಲಿ ಏಳುತ್ತದೆ, ಬಯಾಸ್‌ನಲ್ಲಿ (ಬೋರ್ಡಿನ ಒಳಗೇ ಇರುವ ಮೂಲ ತಂತ್ರಾಂಶ) ಎಕ್ಸ್‌ಪೊ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿದರೆ ಮಾತ್ರ 6000. ರೈಜನ್ 7000 ಸಾಲಿನ ಪ್ರೊಸೆಸರುಗಳಿಗೆ ಅವನ್ನು ತಯಾರಿಸುವ ಎಎಂಡಿ ಕಂಪನಿ ಅಧಿಕೃತವಾಗಿ ಒಪ್ಪಿರುವುದು 5200. ಅಂದರೆ 6000 ಎಂಬುದು ಓವರ್‌ಕ್ಲಾಕ್, ಒಪ್ಪಿದ ಮಿತಿಗಿಂತ ಹೆಚ್ಚಿನ ವೇಗ. ಹೆಚ್ಚಿನ ಯಂತ್ರಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ, ನಡೆಯದಿದ್ದಾಗ ಮಾತ್ರ ಹೀಗೆ.

ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿದೆ. ವಿಂಡೋಸ್ ಇಲ್ಲದೆಯೇ ಓಡುವುದರಿಂದ ಇದರ ಸಾಕ್ಷಿ ಗಟ್ಟಿ. 6000ರಲ್ಲಿ ಕೆಂಪು ಸಾಲುಗಳು ಬಿದ್ದವು. ಇಲ್ಲಿ ಒಂದೇ ಒಂದು ದೋಷ ಬಂದರೂ ಅದು ದೋಷವೇ. "ಸಾವಿರದಲ್ಲಿ ಒಂದು ತಾನೇ" ಎನ್ನುವ ಮಾತಿಲ್ಲ. ಎಕ್ಸ್‌ಪೊ ಆಫ್ ಮಾಡಿ 4800ರಲ್ಲಿ ರಾತ್ರಿಯಿಡೀ ಓಡಿಸಿದರೆ ಸ್ವಚ್ಛ. ಆಮೇಲೆ ಒಂದೊಂದೇ ರ‍್ಯಾಮ್ ಕಡ್ಡಿಯನ್ನು ಹಾಕಿ 6000ರಲ್ಲಿ ಓಡಿಸಿದೆ. ಒಂದು ಕಡ್ಡಿ ಯಾವ ಸ್ಲಾಟಿನಲ್ಲೂ ತಪ್ಪು ಮಾಡಲಿಲ್ಲ. ಇನ್ನೊಂದು ಯಾವ ಸ್ಲಾಟಿಗೆ ಹಾಕಿದರೂ ತಪ್ಪಿತು. ಸ್ಲಾಟೂ ಸರಿ, ಪ್ರೊಸೆಸರೂ ಸರಿ, ಕಡ್ಡಿಯದೇ ತಪ್ಪು ಎಂದು ಇದರಿಂದ ಖಚಿತವಾಯಿತು. ಈ ಅದಲುಬದಲು ಮಾಡುವಾಗ ಒಂದು ಎಚ್ಚರ ಬೇಕು. ನನ್ನದರಂಥ ಎಎಂ5 (ಈ ರೈಜನ್‌ಗಳು ಕೂರುವ ಸಾಕೆಟ್) ಬೋರ್ಡುಗಳು ರ‍್ಯಾಮ್ ಬದಲಿಸಿದಾಗಲೆಲ್ಲ ಅದನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತವೆ. ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಸತ್ತೇಹೋಯಿತು ಎಂದು ಗಾಬರಿಯಾಗಿ ಪವರ್ ತೆಗೆಯಬಾರದು.

ರ‍್ಯಾಮ್ ಜೋಡಿಯಾಗಿಯೇ ಕೊಂಡದ್ದಾದ್ದರಿಂದ ವಾರಂಟಿಗೆ ಎರಡನ್ನೂ ಕಳಿಸಿದೆ. ಪರೀಕ್ಷೆಯ ಪರದೆಯ ಫೋಟೊ ಜೊತೆಗಿಟ್ಟೆ. "4800ರಲ್ಲಿ ನಡೀತದಲ್ಲ, ಇರ್ಲಿ ಬಿಡು" ಎಂದ ಗೆಳೆಯರೂ ಇದ್ದರು. 6000ಕ್ಕೆ ದುಡ್ಡು ಕೊಟ್ಟಿದ್ದೇನೆ, ಬಿಡುವ ಪ್ರಶ್ನೆಯೇ ಇಲ್ಲ.

ಸೊನ್ನೆಯ ಪಟ್ಟಿಯೇ ನಿಜವಾಗಿ ನಮ್ಮ ಕಡೆಯ ಕತೆ. ಬಿಸಿಯೇರಿ ಬಂದ್ ಆಗುತ್ತಿದೆಯೇ ಎಂದು ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ನೋಡಿದರೆ ಎಕ್ಸ್‌ಪೋರ್ಟ್ ನಡೆಯುವಾಗಲೂ ಪ್ರೊಸೆಸರ್ ತನ್ನ 95 ಡಿಗ್ರಿ ಮಿತಿಯ ಹತ್ತಿರವೂ ಇರಲಿಲ್ಲ. ಯಂತ್ರಕ್ಕೆ ಪೂರ್ತಿ ಹೊರೆ ಹೇರಿ ನೋಡುವ ಒಸಿಸಿಟಿ ತಂತ್ರಾಂಶದ ಪವರ್ ಪರೀಕ್ಷೆಯನ್ನು ಬೆಳಗಿನ ಹೊತ್ತು ಓಡಿಸಿದೆ, ಗಟ್ಟಿಯಾಗಿ ನಿಂತಿತು. ನೋಟ್‌ಬುಕ್ಕಿನ ಗಂಟೆಗಳನ್ನು ನೋಡಿದರೆ ಹೆಚ್ಚಿನವು ಸಂಜೆಯವು. ಬೇಸಿಗೆಯ ಕೊನೆಯಲ್ಲಿ ಮೋಡ ಕಟ್ಟಿ, ಗಾಳಿ ಬೀಸಿ, ಕರೆಂಟ್ ಹೋಗಿ ಬರುವ ಹೊತ್ತು. ಕಂಪ್ಯೂಟರ್ ಇದ್ದದ್ದು ಮನೆಯ ಹಳೆಯ ಸ್ಕ್ವೇರ್ ವೇವ್ (ಲೈನಿನ ಕರೆಂಟಿನಂತೆ ನುಣುಪಲ್ಲದ, ಚೌಕಾಕಾರದ ಅಲೆ ಕೊಡುವ) ಇನ್ವರ್ಟರಿನ ಲೈನಿನಲ್ಲಿ.

ಪರೀಕ್ಷೆ ಮಾಡಲು ಮನೆಯ ಮೇನ್ ಸ್ವಿಚ್ ಸಾಕಾಯಿತು. ಯಂತ್ರ ಸುಮ್ಮನಿದ್ದಾಗ ಮೇನ್ ತೆಗೆದರೆ ಇನ್ವರ್ಟರಿಗೆ ಹೊರಳಿ ನಡೆಯುತ್ತಲೇ ಇತ್ತು. ಬೇಡವಾದ ಒಂದು ಕ್ಲಿಪ್ಪನ್ನು ಎಕ್ಸ್‌ಪೋರ್ಟಿಗೆ ಹಾಕಿ ಮೇನ್ ತೆಗೆದೆ, ತಕ್ಷಣ ಬಂದ್! ಬಗ್‌ಚೆಕ್ ನೋಡಿದರೆ 0. ಕಾರಣ ಸರಳ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಪೂರ್ತಿ ಹೊರೆಯಲ್ಲಿ ಸಾಮಾನ್ಯವಾಗಿ 12ರಿಂದ 17 ಮಿಲಿಸೆಕೆಂಡ್ ಮಾತ್ರ ತಡೆದೀತು. ಹೊರೆ ಕಡಿಮೆಯಿದ್ದಷ್ಟೂ ಹೆಚ್ಚು. ಮನೆಯ ಇನ್ವರ್ಟರುಗಳು ಯುಪಿಎಸ್ ಮೋಡಿನಲ್ಲಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಹೊರಳುತ್ತವೆ, ನಾರ್ಮಲ್ ಮೋಡಿನಲ್ಲಿ 40ರವರೆಗೂ ತಗೊಳ್ಳುತ್ತವೆ. ಜೊತೆಗೆ ಈಗಿನ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿಗೂ (ಕರೆಂಟ್ ಎಳೆಯುವ ರೀತಿಯನ್ನು ತಿದ್ದುವ ಸರ್ಕ್ಯೂಟ್) ಸ್ಕ್ವೇರ್ ವೇವ್‌ಗೂ ಅಷ್ಟಕ್ಕಷ್ಟೆ.

ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡಿಗೆ ಹಾಕಿದರೆ ಇನ್ನೊಂದು ತಾಪತ್ರಯ: ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೆ ಅದು ಬ್ಯಾಟರಿಗೆ ಹೊರಳುತ್ತದೆ. ತೋಟಗಳಲ್ಲಿ ಪಂಪ್ ಓಡುವ ಹೊತ್ತಿನಲ್ಲಿ ನಮ್ಮಲ್ಲಿ ವೋಲ್ಟೇಜ್ ಇಳಿಯುವುದು ದಿನನಿತ್ಯದ ಮಾತು, ಬ್ಯಾಟರಿ ಬರಿದಾಗುತ್ತದೆ. ಹಾಗಾಗಿ ಕಂಪ್ಯೂಟರಿಗೆಂದೇ ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥದೇ ನುಣುಪು ಅಲೆ) ಇರುವ ಲೈನ್ ಇಂಟರಾಕ್ಟಿವ್ ಯುಪಿಎಸ್ ತಂದೆ. ವೋಲ್ಟೇಜ್ ಇಳಿದಾಗ ಬ್ಯಾಟರಿ ಮುಟ್ಟದೆ ತಾನೇ ಏರಿಸಿಕೊಡುತ್ತದೆ. ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ಅಲ್ಲ, ವ್ಯಾಟ್ ನೋಡಿ. 1000 ವಿಎ ಎಂದು ಬರೆದದ್ದು 600 ವ್ಯಾಟ್ ಮಾತ್ರ ಇದ್ದೀತು. ಬಯಾಸ್ ಅಪ್‌ಡೇಟನ್ನೂ ಯುಪಿಎಸ್ ಬಂದಮೇಲೆಯೇ ಮಾಡಿದೆ. ಆ ಹೊತ್ತಿಗೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಬಂದ್ ಆಗುವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಆದರೂ ಬಿಡುವಂತಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಚೂರು ಕರೆಂಟ್ ತಗಡಿನಲ್ಲೇ ನಿಲ್ಲುತ್ತದೆ. ವೈರಿಂಗಿನವರು ಬಂದು ಮೀಟರ್ ಹಿಡಿದವರೇ "ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿವ್ಸ ಆತು ಭಟ್ರೇ?" ಎಂದರು. ಚಿರೆಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗಿತ್ತು. ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಿ, ತುಕ್ಕು ಹಿಡಿದ ತಂತಿ ಬದಲಿಸಿದೆವು.

ಕರಾವಳಿಯವರಿಗೆ ತುಕ್ಕಿನ ಮಾತು ಇನ್ನೂ ಹತ್ತಿರದ್ದು. ಕಾರವಾರದ ನಮ್ಮ ಭಾವನ ಯಂತ್ರ ಮಳೆಗಾಲ ಮುಗಿಯುವಷ್ಟರಲ್ಲಿ ಏಳುವುದಕ್ಕೇ ತಕರಾರು ಮಾಡಿದಾಗ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿದ್ದಷ್ಟೆ, ಎದ್ದಿತು.

ಬದಲಿ ರ‍್ಯಾಮ್ ಬಂದಮೇಲೆ ಮೊದಲು ಮೆಮ್‌ಟೆಸ್ಟ್, 6000ರಲ್ಲಿ, ರಾತ್ರಿಯಿಡೀ. ಒಂದೂ ಕೆಂಪು ಸಾಲಿಲ್ಲ. ಆಮೇಲೆ ಎಕ್ಸ್‌ಪೋರ್ಟ್ ನಡೆಯುತ್ತಿರುವಾಗಲೇ ಮೇನ್ ತೆಗೆದೆ, ನಿಲ್ಲಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದು ಆಗ. ಕೆಟ್ಟ ರ‍್ಯಾಮ್ ಇದ್ದ ದಿನಗಳಲ್ಲಿ ಕಾಪಿಯಾದ ರೆಕಾರ್ಡಿಂಗ್‌ಗಳನ್ನು ಒಂದನ್ನೂ ನಂಬದೆ, ಕ್ಯಾಮೆರಾ ಕಾರ್ಡುಗಳಿಂದ ಮತ್ತೆ ಇಳಿಸಿ, ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ ಗುರುತು ಸಂಖ್ಯೆ) ತಾಳೆ ನೋಡಿಯೇ ಕಾರ್ಡುಗಳನ್ನು ಖಾಲಿ ಮಾಡಿದೆ. ಆಡಿದ ಆಟವನ್ನು ಇನ್ನೊಮ್ಮೆ ಹಿಡಿಯಲು ಬರುವುದಿಲ್ಲವಲ್ಲ.