ಹಿನ್ನೀರಿನ ಬೋಟಿಗೆ ಟ್ರಿಮ್ ಟ್ಯಾಬ್: ನಾನು ಹಾಕಿದ ಬಗೆ

ಬಂಡಿಯ ಹಿಂದೆ ಮೂಟೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದೆ ಅಲ್ವಾ, ಸಣ್ಣ ಮೋಟಾರು ಬೋಟಿನದ್ದೂ ಅದೇ ಹಣೆಬರಹ. ಮೂತಿ ಆಕಾಶಕ್ಕೆ, ಹಿಂಭಾಗ ನೀರಿನೊಳಕ್ಕೆ. ಮೋಟಾರು ಕೂಗುತ್ತದೆ, ಪೆಟ್ರೋಲ್ ಕುಡಿಯುತ್ತದೆ, ವೇಗ ಮಾತ್ರ ಬರುವುದಿಲ್ಲ. ನಡೆಸುವವನಿಗೆ ಮುಂದಿನ ನೀರೂ ಕಾಣುವುದಿಲ್ಲ.

ನನ್ನ ಅಳಿಯನ ಬೋಟು ಹೀಗೇ ಇತ್ತು. 16 ಅಡಿಯ ಫೈಬರ್ ಬೋಟು. 40 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು. ಸ್ಟೀರಿಂಗ್ ಇಲ್ಲ, ಹಿಂದೆ ಕೂತು ಹಿಡಿಕೆ ತಿರುವಿ ನಡೆಸುವಂಥದ್ದು. ಹುಣಸಗಿ ತಾಲ್ಲೂಕಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ, ಅಂದರೆ ಬಸವಸಾಗರದಲ್ಲಿ, ತೆಪ್ಪದವರು ಹಿಡಿದ ಕಾಟ್ಲಾ, ರೋಹು ಮೀನನ್ನು ಐಸ್ ಬಾಕ್ಸಿಗೆ ತುಂಬಿಕೊಂಡು ದಡಕ್ಕೆ ತರುವುದು ಅದರ ಕೆಲಸ. ನನ್ನದು ಸುರಪುರದಲ್ಲಿ ಫ್ಯಾಬ್ರಿಕೇಷನ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇನೆ. ಡಿಪ್ಲೊಮಾದಲ್ಲಿ ಓದಿದ ಫ್ಲೂಯಿಡ್ ಮೆಕ್ಯಾನಿಕ್ಸ್ ಇಷ್ಟು ವರ್ಷ ಆದ ಮೇಲೆ ಈ ಬೋಟಿನಿಂದಾಗಿ ಕೆಲಸಕ್ಕೆ ಬಂತು.

ಟ್ರಿಮ್ ಟ್ಯಾಬ್ ಅಂದರೆ ದೊಡ್ಡ ಮಾಯೆ ಏನಲ್ಲ. ಬೋಟಿನ ಹಿಂಬದಿ ಹಲಗೆಯ ಕೆಳ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು ತಗಡು, ಬಿಜಾಗರಿ ಮೇಲೆ ನಿಂತಿರುತ್ತದೆ. ತಗಡನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಹಿಂದಕ್ಕೆ ಓಡುವ ನೀರು ಅದಕ್ಕೆ ಬಡಿದು ಕೆಳಗೆ ತಿರುಗುತ್ತದೆ. ಆ ಒತ್ತಡಕ್ಕೆ ಬೋಟಿನ ಹಿಂಭಾಗ ಏಳುತ್ತದೆ, ಮೂತಿ ಇಳಿಯುತ್ತದೆ. ಬಲಗಡೆ ತಗಡು ಮಾತ್ರ ಜಾಸ್ತಿ ಇಳಿಸಿದರೆ ಬಲಗಡೆ ಹಿಂಭಾಗ ಮಾತ್ರ ಏಳುತ್ತದೆ. ಬೋಟು ಒಂದು ಪಕ್ಕಕ್ಕೆ ವಾಲುವುದನ್ನು ಸರಿ ಮಾಡುವುದು ಹೀಗೆ. ಮೋಟಾರಿನ ಕೋನ ಬದಲಾಯಿಸಿದರೆ ಮೂತಿ ಏರುತ್ತದೆ, ಇಳಿಯುತ್ತದೆ, ಅಷ್ಟೇ. ವಾಲುವುದಕ್ಕೆ ಅದರಲ್ಲಿ ಮದ್ದಿಲ್ಲ.

ಆದರೆ ಬಂದ ಕೂಡಲೇ ನಾನು ತಗಡು ಕತ್ತರಿಸಲು ಹೋಗಲಿಲ್ಲ. ಭಾರ ತಪ್ಪು ಜಾಗದಲ್ಲಿ ಇಟ್ಟುಕೊಂಡು ಅದರ ಮೇಲೆ ಟ್ಯಾಬ್ ಹಾಕುವುದು ಸುಮ್ನೆ ದುಡ್ಡು ದಂಡ. ಮೊದಲು ದೊಡ್ಡ ಐಸ್ ಬಾಕ್ಸನ್ನು ಹಿಂದಿನಿಂದ ಎತ್ತಿ ಬೋಟಿನ ನಡುವಿಗೆ ತಂದೆವು. ಫೈಬರ್ ತಳ ನೇರವಾಗಿದೆಯಾ ಅಂತ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿದೆ. ತಪ್ಪು ಜಾಗದಲ್ಲಿ ಆಸರೆ ಕೊಟ್ಟು ವರ್ಷಗಟ್ಟಲೆ ನಿಲ್ಲಿಸಿದ ಬೋಟಿನ ತಳ ಹಿಂದೆ ಬಾಗಿರುವುದುಂಟು. ಆ ಬಾಗೇ ಅರ್ಧ ತೊಂದರೆ ಕೊಡುತ್ತದೆ. ನಮ್ಮದು ನೇರ ಇತ್ತು. ಆಮೇಲೆ ಮೋಟಾರಿನ ಕೋನ ಕೂರಿಸುವ ಟಿಲ್ಟ್ ಪಿನ್. ಇಂಥ ಮೋಟಾರಿನ ಬ್ರಾಕೆಟ್ಟಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ಪಿನ್ನನ್ನು ಬೋಟಿನ ಹಲಗೆಗೆ ಹತ್ತಿರದ ತೂತಿಗೆ ಹಾಕಿದರೆ ಮೂತಿ ಇಳಿಯುತ್ತದೆ. ಹಾಕಿದೆವು. ಭಾರ ಇದ್ದಾಗ ಚೆನ್ನಾಗಾಯಿತು. ಖಾಲಿ ಬೋಟು ಜೋರಾಗಿ ಹೋದಾಗ ಮಾತ್ರ ಮೂತಿ ನೀರು ಉಳುತ್ತಿತ್ತು. ಪಿನ್ ವಾಪಸ್ ಹೊರಗಿನ ತೂತಿಗೆ ಹಾಕಿದರೆ ಖಾಲಿ ಬೋಟು ಕುದುರೆ ಹಾಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ವಾಲುವುದಂತೂ ಹಾಗೇ ಉಳಿಯಿತು. ನಡೆಸುವವನು ಕೂರುವುದು ಬಲಕ್ಕೆ, 25 ಲೀಟರ್ ಪೆಟ್ರೋಲ್ ಟ್ಯಾಂಕು ಇರುವುದೂ ಬಲಕ್ಕೆ.

ಆಗ ಟ್ಯಾಬ್ ಮಾತು ಬಂತು. ಪೇಟೆಯಲ್ಲಿ ಸಿಗುವ ಲೆಂಕೋ, ಬೆನೆಟ್ ಥರದ ಕಿಟ್‌ಗಳಲ್ಲಿ ಕೆಲವು ಕರೆಂಟಿನ ಮೋಟಾರಿನಿಂದ, ಕೆಲವು ಹೈಡ್ರಾಲಿಕ್ ಎಣ್ಣೆಯಿಂದ ತಗಡು ಏರಿಳಿಸುತ್ತವೆ. ಸ್ವಿಚ್ ಒತ್ತಿದರೆ ಆಯಿತು. ಒಳ್ಳೆಯ ಸಾಮಾನೇ. ಆದರೆ 12 ವೋಲ್ಟ್ ಬ್ಯಾಟರಿ ಬೇಕು. ನಮ್ಮ ಮೋಟಾರು ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು, ಬ್ಯಾಟರಿಯೇ ಇಲ್ಲ. ಮೇಲಾಗಿ ಕೆಟ್ಟರೆ ಇಲ್ಲಿ ನೋಡುವವರು ಯಾರು? ಹಾಗಾಗಿ ಟರ್ನ್‌ಬಕಲ್ (ತಿರುವಿದರೆ ಉದ್ದ ಹೆಚ್ಚುಕಮ್ಮಿ ಆಗುವ ತಿರುಪಿನ ಸರಳು) ತಿರುವಿ ಕೋನ ಕೂರಿಸುವ ಸಾದಾ ಟ್ಯಾಬ್ ಮಾಡೋಣ ಅಂತ ಹೇಳಿದೆ. ಅಂಗಡಿಯ ಹುಡುಗನೊಬ್ಬ, ಕಾರಿನ ಡಿಕ್ಕಿಯ ಗ್ಯಾಸ್ ರಾಡ್ ಹಾಕಿದರೆ ತಾನೇ ಏರಿಳಿಯುತ್ತದಲ್ಲ ಅಂದ. ಯೋಚನೆ ಕೆಟ್ಟದ್ದಲ್ಲ. ವೇಗ ಕಮ್ಮಿ ಇದ್ದಾಗ ತಗಡು ಕೆಳಗೆ, ಜಾಸ್ತಿ ಆದಾಗ ನೀರೇ ಮೇಲಕ್ಕೆ ದಬ್ಬುವ ಹಾಗೆ ಮಾಡಿದ ಟ್ಯಾಬ್‌ಗಳು ನಿಜಕ್ಕೂ ಇವೆ. ಆದರೆ ಡಿಕ್ಕಿಯ ರಾಡ್ ಸಣ್ಣ ಬೋಟಿನ ತಗಡಿಗೆ ತುಂಬಾ ಬಿರುಸು. ದಿನಾ ನೀರಲ್ಲಿ ಮುಳುಗಿದರೆ ಅದರ ಸೀಲೂ ಬಾಳುವುದಿಲ್ಲ. ಬೇಡ ಅಂದೆ.

ಅಳತೆಗೆ ಒಂದು ರೂಢಿಯ ಲೆಕ್ಕವಿದೆ. ಬೋಟಿನ ಪ್ರತಿ ಅಡಿ ಉದ್ದಕ್ಕೆ ಒಂದೊಂದು ಟ್ಯಾಬ್ ಒಂದು ಇಂಚು ಅಗಲ. ಆ ಲೆಕ್ಕಕ್ಕೆ ನಮಗೆ 16 ಇಂಚು ಬೇಕಿತ್ತು. ನಾನು 12 ಇಂಚು ಅಗಲ, ಹಿಂದಕ್ಕೆ 9 ಇಂಚು ಉದ್ದ ಇಟ್ಟೆ. ಹಿಂದಿನ ಹಲಗೆ ಐದು ಅಡಿ ಅಗಲ. ಹೊರ ಮೂಲೆಯಿಂದ ಮೂರು ಇಂಚು ಬಿಡಬೇಕು, ಮೋಟಾರಿನಿಂದ ಕಡೇಪಕ್ಷ ಎಂಟು ಇಂಚು ದೂರ ಇರಬೇಕು. ಇಲ್ಲದಿದ್ದರೆ ಕಲಕಿದ ನೀರು ಮೋಟಾರಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಹೋಗಿ ಅದು ನೀರು ಹಿಡಿಯುವುದಿಲ್ಲ. ಆ ಜಾಗದಲ್ಲಿ ದೊಡ್ಡ ತಗಡೂ ಹಿಡಿಸುತ್ತಿತ್ತು. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಈ ಹಿನ್ನೀರಿನ ಅಂಚಲ್ಲಿ ಜಾಲಿ ಮೋಟುಗಳು ತಲೆ ಎತ್ತುತ್ತವೆ. ತಗಡು ಸಣ್ಣದಾದಷ್ಟೂ ಒಳ್ಳೆಯದು.

ಅಷ್ಟು ಸಣ್ಣ ತಗಡು ಏನು ಮಾಡೀತು ಅನ್ನಿಸಬಹುದು. ಸಾವಿಟ್‌ಸ್ಕಿ ಮತ್ತು ಬ್ರೌನ್ ಎಂಬ ಇಂಜಿನಿಯರುಗಳು 1976ರಲ್ಲಿ ಕೊಟ್ಟ ಸೂತ್ರವಿದೆ, ಅದರಲ್ಲಿ ಕೂರಿಸಿ ನೋಡಿದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ 5 ಡಿಗ್ರಿ ಇಳಿಸಿದ ಇಂಥ ಒಂದು ತಗಡು ಸುಮಾರು 40 ಕೆಜಿ ಎತ್ತುತ್ತದೆ. ಎರಡೂ ಸೇರಿದರೆ ಹಿಂದೆ ಕೂತ ಒಬ್ಬ ಗಟ್ಟಿ ಆಳನ್ನು ಇಳಿಸಿದಷ್ಟು. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ನಿಧಾನ ಹೋಗುವಾಗ ಟ್ಯಾಬ್ ಇದ್ದರೂ ಇಲ್ಲದ ಹಾಗೆ, ಜೋರು ಹೋಗುವಾಗ ಬೇಕಾದ್ದಕ್ಕಿಂತ ಜಾಸ್ತಿ ಅನ್ನಿಸುವುದು ಇದಕ್ಕೇ.

3 ಎಂಎಂ ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗಡು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಿಂದ ತಂದೆ. ಸಮುದ್ರಕ್ಕಾದರೆ 316 ಬೇಕು, ಕೃಷ್ಣೆಯ ಸಿಹಿನೀರಿಗೆ 304 ಸಾಕು. ಸ್ಟೀಲಿನ ಉದ್ದ ಬಿಜಾಗರಿ, ಟರ್ನ್‌ಬಕಲ್ ಇವು ಸಿಕಂದರಾಬಾದಿನ ರಾಣಿಗಂಜಿನಲ್ಲಿ ಸಿಕ್ಕವು. ತಗಡಿನ ಎರಡು ಪಕ್ಕವನ್ನು ಅರ್ಧ ಇಂಚು ಮೇಲಕ್ಕೆ ಮಡಚಿದೆ. ಈ ಮಡಿಕೆ ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ತಗಡು ಬಡಬಡ ಅನ್ನುತ್ತದೆ.

ಕಷ್ಟದ ಕೆಲಸ ತೂತು ಹಾಕುವುದು. ಫೈಬರ್ ಬೋಟಿನ ಹಿಂದಿನ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಅದಕ್ಕೆ ನೀರು ತಾಗಿದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಗುರುತು ಮಾಡಿದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿದೆ. ಹೊಳಪಿನ ಮೇಲ್ಪದರ ಚೆಕ್ಕೆ ಏಳದೆ ಸವೆಯುತ್ತದೆ. ಆಮೇಲೆ ಸೀದಾ. ಮೊದಲು ಬಿಳಿ ಪುಡಿ ಬಂತು, ಅದು ಫೈಬರ್. ಹಿಂದೆಯೇ ತಿಳಿ ಹಳದಿ ಪುಡಿ. ಬೆರಳಲ್ಲಿ ತಿಕ್ಕಿದರೆ ಒಣ ಒಣ, ಮೂಗಿಗೆ ಹಿಡಿದರೆ ಹೊಸ ಪ್ಲೈವುಡ್ ವಾಸನೆ. ಕಪ್ಪಗೆ ಮುದ್ದೆಯಾಗಿ ಬಂದಿದ್ದರೆ ಟ್ಯಾಬ್ ಆಸೆ ಬಿಟ್ಟು ಹಲಗೆ ರಿಪೇರಿ ಮಾಡಬೇಕಾಗುತ್ತಿತ್ತು. ಯಾವ ತೂತಿಗೂ ನೇರವಾಗಿ ಸ್ಕ್ರೂ ಹಾಕಲಿಲ್ಲ. ದೊಡ್ಡ ತೂತು ಕೊರೆದು, ಗಟ್ಟಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಒಂದು ದಿನ ಬಿಟ್ಟು, ಆ ಎಪಾಕ್ಸಿಯ ನಡುವೆ ಸಣ್ಣ ತೂತು ಹಾಕಿದೆ. ಸ್ಕ್ರೂ ಮರಕ್ಕೆ ತಾಗುವುದೇ ಇಲ್ಲ. ಕೆಲಸ ನಡೆದದ್ದು ಮೇ ತಿಂಗಳಲ್ಲಿ. ನಮ್ಮ ಕಡೆ ಬಿಸಿಲಲ್ಲಿ ಎಪಾಕ್ಸಿ ಕಪ್ಪಿನಲ್ಲೇ ಕುದ್ದು ಕಲ್ಲಾಗುತ್ತದೆ. ಬೆಳಗಿನ ಜಾವ ಸ್ವಲ್ಪ ಸ್ವಲ್ಪವೇ ಕಲಸಿದ್ದಕ್ಕೆ ಬಚಾವಾದೆವು.

ಬಿಜಾಗರಿಯನ್ನು ತಳದ ಅಂಚಿಗಿಂತ ಕಾಲು ಇಂಚು ಮೇಲೆ ಕೂರಿಸಿದೆ. ಅದರ ಹಿಂದೆ ಪಾಲಿಯುರೆಥೇನ್ ಸೀಲಂಟ್. ಬಾತ್‌ರೂಮಿಗೆ ಬಳಿಯುವ ಸಿಲಿಕಾನ್ ಇಲ್ಲಿ ನಡೆಯುವುದಿಲ್ಲ. ಟರ್ನ್‌ಬಕಲ್ಲಿನ ಮೇಲಿನ ಬ್ರಾಕೆಟ್ಟಿಗೆ ಮಾತ್ರ ಹಲಗೆಯ ಆಚೆಗೆ ತೂರುವ ಬೋಲ್ಟು, ಒಳಗಿನಿಂದ ಅಗಲ ವಾಷರ್, ಲಾಕ್ ನಟ್. ಒತ್ತಡ ಹೆಚ್ಚು ಬೀಳುವುದು ಅಲ್ಲಿಗೇ. ಇಷ್ಟರಲ್ಲಿ ದಾರಿಹೋಕನೊಬ್ಬ ನಿಂತು ನೋಡಿ, "ಏನ್ರೀ ಕಾಕಾ, ದೋಣಿಗಿ ರೆಕ್ಕಿ ಹಚ್ಚಾಕತ್ತೀರೇನು?" ಅಂದ. ಹೌದಪ್ಪಾ ಅಂದೆ.

ಕೋನ ಕೂರಿಸುವುದಕ್ಕೆ ಅದೇ ಅಲ್ಯೂಮಿನಿಯಂ ಪಟ್ಟಿ ಸಾಕು. ಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ ಹಿಡಿದರೆ ತಗಡು ಅದಕ್ಕೆ ಸಮಾನಾಂತರ ಇದೆಯಾ ಕಾಣುತ್ತದೆ. ಅಲ್ಲಿಂದ ಶುರು. 9 ಇಂಚಿನ ತಗಡಿನ ತುದಿ ಅರ್ಧ ಇಂಚು ಇಳಿದರೆ ಸುಮಾರು 3 ಡಿಗ್ರಿ, ಮುಕ್ಕಾಲು ಇಂಚು ಇಳಿದರೆ ಸುಮಾರು 5. ಮೊದಲು ಎರಡೂ ಕಡೆ ಕಾಲು ಇಂಚು ಇಳಿಸಿ, ಪಿನ್ ನಡುವಿನ ತೂತಿಗೆ ಹಾಕಿ, ಲೈಫ್ ಜಾಕೆಟ್ ತೊಟ್ಟು, ಮೋಟಾರನ್ನು ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಮಣಿಕಟ್ಟಿಗೆ ಸಿಕ್ಕಿಸಿಕೊಂಡು ನೀರಿಗಿಳಿದೆವು. ಒಂದು ಸಲಕ್ಕೆ ಒಂದೇ ಕಡೆ, ಒಂದೇ ಸುತ್ತು ತಿರುವುವುದು, ಓಡಿಸಿ ನೋಡುವುದು. ಕೊನೆಗೆ ನಿಂತದ್ದು ಎಡಕ್ಕೆ ಅರ್ಧ ಇಂಚು, ಬಲಕ್ಕೆ ಮುಕ್ಕಾಲು ಇಂಚು.

ಫೋನಿನ ಜಿಪಿಎಸ್‌ನಲ್ಲಿ ನೋಡಿದಂತೆ, ಮೊದಲು ಗಂಟೆಗೆ 23 ಕಿ.ಮೀ. ದಾಟಿದ ಮೇಲೆ ಬೋಟು ನೀರಿನ ಮೇಲೆ ಏರಿ ಓಡುತ್ತಿತ್ತು. ಈಗ 18ರ ಹತ್ತಿರವೇ ಏರುತ್ತದೆ, ಅದೇ ವೇಗದಲ್ಲಿ ಹಾಗೇ ಓಡಿಸಲೂಬಹುದು. ಮೀನು ತುಂಬಿದಾಗ ಇದೇ ದೊಡ್ಡ ಲಾಭ. ವಾಲುವುದು ನಿಂತಿದೆ. ಖಾಲಿ ಬೋಟಿನ ಕುಣಿತವೂ ನಿಂತಿದೆ. ಗರಿಷ್ಠ ವೇಗ ಒಂದಿಷ್ಟು ಕಮ್ಮಿಯಾಗಿದೆ. ಅದು ಆಗಲೇಬೇಕು, ತಗಡು ನೀರನ್ನು ಎಳೆಯುತ್ತದಲ್ಲ. ಮೀನು ತರುವ ಬೋಟಿಗೆ ರೇಸ್ ಯಾಕೆ?

ಒಂದು ಕೊರತೆ ಮಾತ್ರ ಉಳಿದೇ ಇದೆ. ಮಳೆಗಾಲದಲ್ಲಿ ಇಲ್ಲಿ ಪಡುವಣ ಗಾಳಿ ಜೋರು. ಆಲಮಟ್ಟಿ ಕಡೆ ಮುಖ ಮಾಡಿ ಹೋಗುವಾಗ ಅಲೆ ಎದುರಿಗೆ ಬರುತ್ತದೆ, ಇಳಿದ ಮೂತಿ ಅದನ್ನು ಸೀಳಿಕೊಂಡು ಹೋಗುತ್ತದೆ, ಸೊಂಟಕ್ಕೆ ಕುಲುಕು ಕಮ್ಮಿ. ವಾಪಸ್ ಬರುವಾಗ ಅಲೆ ಹಿಂದಿನಿಂದ. ಆಗ ಮೂತಿ ಮೇಲಿರಬೇಕು. ಇಲ್ಲದಿದ್ದರೆ ಮುಂದಿನ ಅಲೆಗೆ ಚುಚ್ಚಿ ಬೋಟು ಸರಕ್ಕನೆ ಪಕ್ಕಕ್ಕೆ ತಿರುಗುತ್ತದೆ. ಸ್ವಿಚ್ ಇರುವ ಟ್ಯಾಬ್ ಆದರೆ ಎತ್ತಿಬಿಡಬಹುದು, ನಮ್ಮದನ್ನು ಓಡುವಾಗ ಮುಟ್ಟುವ ಹಾಗಿಲ್ಲ. ಅದಕ್ಕೇ ನಾನು 5 ಡಿಗ್ರಿ ದಾಟಲಿಲ್ಲ. ಅಳಿಯನಿಗೆ ಹೇಳಿಟ್ಟಿದ್ದೇನೆ: ಗಾಳಿ ಬೆನ್ನಿಗಿದ್ದರೆ ಆಳನ್ನು ಹಿಂದೆ ಕೂರಿಸು, ವೇಗ ಇಳಿಸು. ರಿವರ್ಸ್ ಹೋಗುವಾಗಲೂ ನಿಧಾನ. ಇಳಿದ ತಗಡಿಗೆ ಹಿಂದಿನಿಂದ ನೀರು ಬಡಿದರೆ ಟರ್ನ್‌ಬಕಲ್ಲಿಗೆ ಪೆಟ್ಟಾಗಬಹುದು.

ಈಗ ಇನ್ನೊಬ್ಬರು ತಮ್ಮ ಬೋಟಿಗೂ ಮಾಡಿಕೊಡಿ ಅಂತ ಬಂದಿದ್ದಾರೆ. ಅದು ಅಲ್ಯೂಮಿನಿಯಂ ಬೋಟು. ಅದಕ್ಕೆ ಸ್ಟೀಲ್ ತಗಡು ನೇರ ಜೋಡಿಸಿದರೆ ನೀರಿನಲ್ಲಿ ಅಲ್ಯೂಮಿನಿಯಮ್ಮೇ ತಿಂದುಹೋಗುತ್ತದೆ. ಹಾಗಾಗಿ 5 ಎಂಎಂ ಅಲ್ಯೂಮಿನಿಯಂ ಪ್ಲೇಟನ್ನೇ ಹಾಕಿ, ಸ್ಟೀಲ್ ಬೋಲ್ಟು ಬರುವ ಕಡೆ ನೈಲಾನ್ ಬುಷ್, ನೈಲಾನ್ ವಾಷರ್ ಕೊಡುತ್ತೇನೆ. ಅದಕ್ಕೂ ಮೊದಲು ಅವರ ಐಸ್ ಬಾಕ್ಸ್ ಎಲ್ಲಿದೆ ನೋಡಬೇಕು.