ಮಿಡ್ಲ್, ಸೆಂಟರ್, ಬಿಟ್ವೀನ್: ಗೋಡೌನ್ ಕೆಲಸದಲ್ಲಿ ನಾನು ಕಲಿತ ರೀತಿ

ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಈಗ ದಾವಣಗೆರೆಯ ಒಂದು ಟ್ರಾನ್ಸ್‌ಪೋರ್ಟ್ ಗೋಡೌನ್‌ನಲ್ಲಿ ಲೋಡಿಂಗ್ ನೋಡಿಕೊಳ್ಳುತ್ತೇನೆ. ಪುಣೆ, ಚೆನ್ನೈ, ಹೈದರಾಬಾದ್ ಆಫೀಸಿನವರ ಜೊತೆ ದಿನವಿಡೀ ಇಂಗ್ಲಿಷಿನಲ್ಲೇ ಮಾತು, ಇಂಗ್ಲಿಷಿನಲ್ಲೇ ಮೆಸೇಜು. ಇಂಗ್ಲಿಷ್ ಕಲಿಯಬೇಕು ಅನ್ನುವವರ ಕೈಗೆ ದೊಡ್ಡ ದೊಡ್ಡ ಪದಗಳ ಪಟ್ಟಿ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಕೆಲಸಕ್ಕೆ ಆ ಪದಗಳು ಬೇಕಾಗಿದ್ದು ಕಡಿಮೆ. ದಿನಾ ಬೇಕಾಗುವುದು ಸಣ್ಣ ಪದಗಳೇ. ಅದರಲ್ಲೂ ‘ಮಿಡ್ಲ್’. ಗೋಡೌನ್‌ನಲ್ಲಿ ಯಾವ ಮಾಲು ಎಲ್ಲಿ ಇಡಬೇಕು, ಲಾರಿ ಎಲ್ಲಿದೆ, ಯಾವಾಗ ಬರುತ್ತೆ, ಎಲ್ಲದರಲ್ಲೂ ಈ ಪದ ಒಂದಲ್ಲ ಒಂದು ಕಡೆ ಬಂದೇ ಬರುತ್ತದೆ. ಇದನ್ನು ನಾನು ಹೇಗೆ ಕಲಿತೆ ಅಂತ ಬರೆಯುತ್ತಿದ್ದೇನೆ, ನಮ್ಮಂಥ ಕನ್ನಡ ಮೀಡಿಯಂ ಹುಡುಗರಿಗೆ ಉಪಯೋಗವಾಗಲಿ ಅಂತ.

ಮೊದಲು ತೊಡಕು ಎಲ್ಲಿದೆ ಅಂತ ನೋಡಿ. ನಾವು ‘ಮಧ್ಯೆ’ ಅಂತ ಒಂದೇ ಪದ ಇಟ್ಟುಕೊಂಡು ಎಲ್ಲ ಕೆಲಸ ಮಾಡಿಸುತ್ತೇವೆ. ರಸ್ತೆ ಮಧ್ಯೆ ದನ ಮಲಗಿದೆ, ಬ್ಯಾಂಕು ಹೋಟೆಲಿನ ಮಧ್ಯೆ ನಮ್ಮ ಅಂಗಡಿ, ಊಟದ ಮಧ್ಯೆ ಫೋನ್ ಬಂತು, ಜನರ ಮಧ್ಯೆ ಕೂತಿದ್ದ. ಕನ್ನಡಕ್ಕೆ ಇದು ಸರಿಯಾಗೇ ಇದೆ, ಯಾರಿಗೂ ಗೊಂದಲ ಇಲ್ಲ. ಇಂಗ್ಲಿಷಿನವರು ಮಾತ್ರ ಇದೇ ಜಾಗವನ್ನು ಮಿಡ್ಲ್, ಬಿಟ್ವೀನ್, ಅಮಾಂಗ್, ಸೆಂಟರ್ ಅಂತ ಪಾಲು ಮಾಡಿಕೊಂಡಿದ್ದಾರೆ. ಅದಕ್ಕೇ ನಮ್ಮ ಕಡೆ ಜಾಸ್ತಿ ಕೇಳಿಬರುವ ತಪ್ಪು ವಾಕ್ಯ ‘ದ ಶಾಪ್ ಈಸ್ ಇನ್ ದ ಮಿಡ್ಲ್ ಆಫ್ ಬ್ಯಾಂಕ್ ಅಂಡ್ ಹೋಟೆಲ್’. ಎರಡು ಬೇರೆ ಬೇರೆ ವಸ್ತು ಇದ್ದು ಮೂರನೆಯದು ಅವುಗಳ ನಡುವೆ ಇದ್ದರೆ ‘ಬಿಟ್ವೀನ್’. ಗುಂಪಿನ ಜನರ ನಡುವೆ ಅಂದರೆ ‘ಅಮಾಂಗ್’. ಒಂದೇ ವಸ್ತು ಇದ್ದು ಅದರದೇ ನಡುಭಾಗ ಹೇಳಬೇಕಾದರೆ ‘ಮಿಡ್ಲ್’. ಈಗಲೂ ಗಡಿಬಿಡಿಯಲ್ಲಿದ್ದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಇಲ್ಲಿ ಇರುವುದು ಒಂದಾ, ಎರಡಾ?

ಗೋಡೌನ್‌ನಲ್ಲಿ ಈ ವ್ಯತ್ಯಾಸ ಬರೀ ವ್ಯಾಕರಣದ ಮಾತಲ್ಲ. ‘ಕೀಪ್ ದ ಗ್ಲಾಸ್ ಬಾಕ್ಸಸ್ ಇನ್ ದ ಮಿಡ್ಲ್ ಆಫ್ ದ ಟ್ರಕ್’ ಅಂತ ಮೆಸೇಜ್ ಬಂದರೆ, 32 ಅಡಿಯ ಕಂಟೇನರ್‌ನಲ್ಲಿ ಬಾಗಿಲಿಂದ ಸುಮಾರು 16 ಅಡಿ ಒಳಗೆ, ಲಾರಿಯ ಹೊಟ್ಟೆಯಲ್ಲಿ ಇಡಬೇಕು. ‘ಕೀಪ್ ದೆಮ್ ಬಿಟ್ವೀನ್ ದ ಕಾಟನ್ ಬೇಲ್ಸ್’ ಅಂತ ಬಂದರೆ ಹತ್ತಿ ಬೇಲುಗಳು ಎಲ್ಲಿವೆಯೋ ಅಲ್ಲಿ, ಎರಡೂ ಕಡೆ ಮೆತ್ತಗೆ ಒತ್ತು ಸಿಗುವ ಹಾಗೆ. ಬೇಲುಗಳು ಬಾಗಿಲ ಹತ್ತಿರವೇ ಇದ್ದರೆ ಗಾಜೂ ಬಾಗಿಲ ಹತ್ತಿರವೇ. ಎರಡನ್ನೂ ನಾವು ಹಮಾಲರಿಗೆ ಕನ್ನಡದಲ್ಲಿ ‘ಮಧ್ಯೆ ಇಡಣ್ಣ’ ಅಂತಲೇ ಹೇಳುತ್ತೇವೆ, ಆದರೆ ಜಾಗ ಬೇರೆ ಬೇರೆ. ಹಾಗಾಗಿ ನಾನು ಈಗ ಕನ್ನಡದಲ್ಲೂ ಬಿಡಿಸಿ ಹೇಳುತ್ತೇನೆ: ‘ಲಾರಿ ನಡುಭಾಗಕ್ಕೆ ಇಡಣ್ಣ’, ‘ಎರಡು ಬೇಲಿನ ಸಂದಿಗೆ ಇಡಣ್ಣ’. ಇಂಗ್ಲಿಷ್ ಕಲಿಯಲು ಹೋಗಿ ಕನ್ನಡದ ಮಾತೂ ನಿಖರವಾಯಿತು. ಅದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ.

ಇನ್ನು ಸೆಂಟರ್. ಇದನ್ನು ನನಗೆ ಅರ್ಥ ಮಾಡಿಸಿದ್ದು ಮೆಷಿನ್ ಬರುವ ದಪ್ಪ ಮರದ ಕ್ರೇಟುಗಳು. ಅವುಗಳ ಮೇಲೆ ಕೊಡೆ, ಒಡೆಯುವ ಗ್ಲಾಸು, ಮೇಲ್ಮುಖ ಬಾಣ, ಹೀಗೆ ಚಿತ್ರಗಳು ಅಚ್ಚಾಗಿರುತ್ತವೆ. ಅದರಲ್ಲಿ ಒಂದು, ಪುಟ್ಟ ವೃತ್ತ, ಅದನ್ನು ಅಡ್ಡಕ್ಕೂ ಉದ್ದಕ್ಕೂ ಸೀಳುವ ಎರಡು ಗೆರೆ. ಅದು ಸೆಂಟರ್ ಆಫ್ ಗ್ರಾವಿಟಿಯ ಗುರುತು, ಅಂದರೆ ಎತ್ತಿದಾಗ ಭಾರ ಎರಡೂ ಕಡೆ ಸಮವಾಗಿ ತೂಗುವ ಬಿಂದು. ಸರಿಯಾಗಿ ಗಮನಿಸಿದರೆ ಆ ಗುರುತು ಎಷ್ಟೋ ಸಲ ಕ್ರೇಟಿನ ಮಿಡ್ಲ್‌ನಲ್ಲಿ ಇರುವುದೇ ಇಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಯಾಕೆಂದರೆ ಒಳಗಿನ ಮೋಟಾರು ಒಂದೇ ಕಡೆ ಕೂತಿದೆ, ಭಾರವೆಲ್ಲ ಅಲ್ಲಿ. ಕ್ರೇಟನ್ನು ಟೇಪ್ ಹಿಡಿದು ಅಳೆದು ಅರ್ಧ ಮಾಡಿದರೆ ಸಿಗುವುದು ಮಿಡ್ಲ್. ಫೋರ್ಕ್‌ಲಿಫ್ಟ್ ಅನ್ನುವ ಮಾಲು ಎತ್ತುವ ಗಾಡಿಯವನು ಅದರ ಎರಡು ಕೋಲುಗಳನ್ನು ಯಾವ ಬಿಂದುವಿಗೆ ಸರಿಹೊಂದಿಸಿ ಎತ್ತಬೇಕೋ ಅದು ಸೆಂಟರ್ ಆಫ್ ಗ್ರಾವಿಟಿ. ಮಿಡ್ಲ್ ನೋಡಿ ಎತ್ತಿದರೆ ಕ್ರೇಟು ವಾಲುತ್ತದೆ. ಈ ಒಂದು ಗುರುತಿನ ಮುಂದೆ ನಿಂತು ನೋಡಿದ ಮೇಲೆ ಎರಡು ಪದಗಳೂ ನನಗೆ ಯಾವತ್ತೂ ಬೆರೆಯಲಿಲ್ಲ.

ಅಂದರೆ ಎರಡು ತುದಿ ಇರುವುದಕ್ಕೆ, ಉದ್ದ ಇರುವುದಕ್ಕೆ, ಶುರು ಮತ್ತು ಕೊನೆ ಇರುವುದಕ್ಕೆ ಸಾಮಾನ್ಯವಾಗಿ ಮಿಡ್ಲ್. ರಸ್ತೆ, ರಾತ್ರಿ, ಸಾಲು, ಕತೆ, ತಿಂಗಳು. ಒಂದು ಬಿಂದು ಇದ್ದು ಉಳಿದದ್ದೆಲ್ಲ ಅದರ ಸುತ್ತ ಇದ್ದರೆ ಸೆಂಟರ್. ವೃತ್ತ, ಊರು, ಗಮನ. ‘ಸೆಂಟರ್ ಆಫ್ ಅಟೆನ್ಷನ್’ ಅಂತಾರೆ, ಅಲ್ಲಿ ಮಿಡ್ಲ್ ಹಾಕುವ ಹಾಗಿಲ್ಲ. ‘ಮಿಡ್ಲ್ ಆಫ್ ದ ನೈಟ್’ ಅಂತಾರೆ, ಅಲ್ಲಿ ಸೆಂಟರ್ ಹಾಕುವ ಹಾಗಿಲ್ಲ. ಕೋಣೆಯ ನಡುವೆ ಮೇಜು ಇದ್ದರೆ ಎರಡೂ ನಡೆಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯನ್ನು ಕನ್ನಡದಲ್ಲಿ ಮಧ್ಯ ಕರ್ನಾಟಕ ಅನ್ನುತ್ತೇವಲ್ಲ, ಇಂಗ್ಲಿಷ್ ಪೇಪರಿನಲ್ಲಿ ಅದು ‘ಸೆಂಟ್ರಲ್ ಕರ್ನಾಟಕ’. ಪುಣೆಯವರಿಗೆ ನಮ್ಮ ಊರು ಎಲ್ಲಿದೆ ಅಂತ ಹೇಳುವಾಗ ನಾನೂ ಅದನ್ನೇ ಹೇಳುತ್ತೇನೆ. ಭಾರತದ ಇಂಗ್ಲಿಷಿನಲ್ಲಿ ‘ದ ಸೆಂಟರ್’ ಅಂದರೆ ದೆಹಲಿ ಸರ್ಕಾರ ಅಂತಲೂ ಅರ್ಥ. ಸಂವಿಧಾನದಲ್ಲಿ ಇರುವ ಪದ ಯೂನಿಯನ್, ಆದರೆ ಟೀವಿಯಲ್ಲೂ ಪೇಪರಲ್ಲೂ ಸೆಂಟರೇ ಓಡಾಡುತ್ತದೆ.

ಲಾರಿ ಎಲ್ಲಿದೆ ಅನ್ನುವುದಕ್ಕೆ ಇನ್ನೊಂದು ಪದ ಬೇಕು. ಬೆಂಗಳೂರಿಂದ ಹುಬ್ಬಳ್ಳಿಗೆ ಹೊರಟ ಲಾರಿ ಚಿತ್ರದುರ್ಗ ಮುಟ್ಟಿದರೆ ಆ ಕಡೆಗೂ ಈ ಕಡೆಗೂ ಹೆಚ್ಚುಕಡಿಮೆ 200 ಕಿಲೋಮೀಟರ್. ಆಗ ‘ಇಟ್ ಈಸ್ ಹಾಫ್‌ವೇ ಬಿಟ್ವೀನ್ ಬೆಂಗಳೂರು ಅಂಡ್ ಹುಬ್ಬಳ್ಳಿ’. ಇಲ್ಲಿ ಮಿಡ್ಲ್ ಅಂದರೂ ಅರ್ಥವಾಗುತ್ತದೆ, ಆದರೆ ಹಾಫ್‌ವೇ ಅಂದಾಗ ಕೇಳುವವರಿಗೆ ‘ಅರ್ಧ ದಾರಿ ಬಂತು, ಇನ್ನು ಅರ್ಧ ಬಾಕಿ’ ಅನ್ನುವ ಲೆಕ್ಕವೂ ಸಿಗುತ್ತದೆ. ಮಾಲು ಕಾಯುತ್ತಿರುವ ಗಿರಾಕಿಗೆ ಬೇಕಾಗಿರುವುದೇ ಆ ಲೆಕ್ಕ.

ಸಮಯದ ವಿಷಯಕ್ಕೆ ಬಂದರೆ ಮಧ್ಯರಾತ್ರಿ ಅನ್ನುವುದೇ ಕೀಟಲೆಯ ಪದ. ನಾವು 12 ಗಂಟೆಗೂ ಮಧ್ಯರಾತ್ರಿ ಅನ್ನುತ್ತೇವೆ, 2 ಗಂಟೆಗೂ ಮಧ್ಯರಾತ್ರಿ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಅಟ್ ಮಿಡ್‌ನೈಟ್’ ಅಂದರೆ ಸರಿಯಾಗಿ 12. ‘ಇನ್ ದ ಮಿಡ್ಲ್ ಆಫ್ ದ ನೈಟ್’ ಅಂದರೆ ಎಲ್ಲರೂ ಮಲಗಿರುವ ಯಾವುದೋ ಹೊತ್ತು, ಎರಡೋ ಮೂರೋ. ಗಾಡಿ ಬಂದ ಹೊತ್ತು ದಾಖಲು ಮಾಡುವಾಗ ಇದು ಮುಖ್ಯ, ತಡವಾದರೆ ಬಾಡಿಗೆ ಲೆಕ್ಕ ಏರುಪೇರಾಗುತ್ತದೆ. ನಾನಂತೂ ಇಂಥ ಕಡೆ ಗಂಟೆಯನ್ನೇ ಬರೆದುಬಿಡುತ್ತೇನೆ. ಹಾಗೇ ‘ಇನ್ ದ ಮಿಡ್ಲ್ ಆಫ್ ಜೂನ್’ ಅನ್ನಬಹುದು, ‘ಇನ್ ಮಿಡ್ ಜೂನ್’ ಅಂತಲೂ ಅನ್ನಬಹುದು. ಚಿಕ್ಕದು ಮಾಡಿದಾಗ ‘ದ’ನೂ ಇಲ್ಲ, ‘ಆಫ್’ಊ ಇಲ್ಲ.

ನನಗೆ ತುಂಬಾ ಇಷ್ಟವಾದ ಬಳಕೆ ‘ಐ ಯಾಮ್ ಇನ್ ದ ಮಿಡ್ಲ್ ಆಫ್ ಸಮ್‌ಥಿಂಗ್’. ಕೈಯಲ್ಲಿ ಕೆಲಸ ಇದೆ, ಅರ್ಧ ಆಗಿದೆ, ಈಗ ಬಿಟ್ಟರೆ ಕೆಡುತ್ತದೆ ಅಂತ ಇಷ್ಟೂ ಅದರಲ್ಲಿ ಬಂತು. ‘ಐ ಯಾಮ್ ಬಿಜಿ’ ಅಂದರೆ ಸ್ವಲ್ಪ ಒರಟು, ಎದುರಿನವರಿಗೆ ಬಾಗಿಲು ಹಾಕಿದಂತೆ ಕೇಳಿಸುತ್ತದೆ. ‘ಐ ಯಾಮ್ ಇನ್ ದ ಮಿಡ್ಲ್ ಆಫ್ ಲೋಡಿಂಗ್, ಕ್ಯಾನ್ ಐ ಕಾಲ್ ಯು ಬ್ಯಾಕ್’ ಅಂದರೆ ಪುಣೆಯ ಮೇಡಂಗೂ ಸಮಾಧಾನ, ನನಗೂ ಸಮಾಧಾನ. ಈ ವಾಕ್ಯವನ್ನು ಲೋಡಿಂಗ್, ಕೌಂಟಿಂಗ್, ಬಿಲ್ಲಿಂಗ್, ಮೀಟಿಂಗ್ ಅಂತ ಪದ ಬದಲಿಸುತ್ತಾ ಬೈಕ್ ಓಡಿಸುವಾಗ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸುವುದಿಲ್ಲ, ನಾಲಿಗೆ ಮಾತ್ರ ಪಳಗುತ್ತದೆ. ‘ಎ ಮೀಟಿಂಗ್’ ಅನ್ನುವಾಗಿನ ‘ಎ’ ಮರೆಯಬೇಡಿ. ‘ಇನ್ ದ ಮಿಡ್ಲ್ ಆಫ್’ ಅನ್ನುವುದನ್ನು ನಾಲ್ಕು ಪದ ಅಂದುಕೊಳ್ಳದೆ ಒಂದೇ ಉಸಿರಿನ ಒಂದು ಪದ ಅಂತ ಬಾಯಿಪಾಠ ಮಾಡಿಬಿಡಿ. ಆಗ ‘ಅಟ್ ದ ಮಿಡ್ಲ್’, ‘ಆನ್ ಮಿಡ್ಲ್’ ಅನ್ನುವ ಅನುಮಾನವೇ ಹುಟ್ಟುವುದಿಲ್ಲ.

ಉಚ್ಚಾರಣೆಗೂ ಎರಡು ಮಾತು. ನಾವು ‘ಮಿಡಲ್’ ಅನ್ನುತ್ತೇವೆ, ಕೆಲವರು ‘ಮಿಡಲ್ಲು’ ಅನ್ನುತ್ತಾರೆ. ಡ ಮತ್ತು ಲ ನಡುವೆ ಒಂದು ಅ ಸೇರಿಸುವುದು ನಮ್ಮ ಬಾಯಿಗೆ ಸಹಜ. ಅದನ್ನು ಬಿಡಬೇಕು ಅನ್ನಿಸಿದರೆ ಹೀಗೆ ಮಾಡಿ: ‘ಮಿಡ್’ ಅಂದು ನಾಲಿಗೆಯ ತುದಿಯನ್ನು ಮೇಲಿನ ಒಸಡಿನ ಮೇಲೆ ಹಾಗೇ ಒತ್ತಿ ಹಿಡಿಯಿರಿ. ಕೆಳಗೆ ಇಳಿಸಬೇಡಿ. ನಾಲಿಗೆಯ ಎರಡು ಪಕ್ಕದಿಂದ ಗಾಳಿ ಬಿಟ್ಟು ‘ಲ್’ ಅನ್ನಿ. ಮಿಡ್ಲ್. ‘ಬಾಟ್ಲ್’, ‘ಲಿಟ್ಲ್’, ‘ಪೆಡ್ಲ್’ ಎಲ್ಲ ಇದೇ ದಾರಿ. ಮಿಡಲ್ ಅಂದರೂ ಯಾರಿಗೂ ಅರ್ಥವಾಗದೆ ಇರುವುದಿಲ್ಲ, ಅದಕ್ಕಾಗಿ ನಾಚಿಕೊಳ್ಳಬೇಕಾದ್ದು ಏನೂ ಇಲ್ಲ. ಆದರೆ ಹೊರಗಿನವರು ಬೇಗ ಬೇಗ ಮಾತಾಡುವಾಗ ಅವರ ಬಾಯಲ್ಲಿ ಅದು ಬಂದಿದ್ದು ಗೊತ್ತಾಗಬೇಕು ಅಂದರೆ ಒಮ್ಮೆಯಾದರೂ ಹಾಗೆ ಹೇಳಿ ನೋಡಿರಬೇಕು.

ಕೇಳಿ ಕೇಳಿ ಕಲಿಯುವುದಕ್ಕೆ ನನಗೆ ಒದಗಿದ್ದು ಕ್ರಿಕೆಟ್ ಕಾಮೆಂಟರಿ. ಮಿಡ್ಲ್ ಸ್ಟಂಪ್, ಮಿಡ್ಲ್ ಆರ್ಡರ್, ಮಿಡ್ ಆನ್, ಮಿಡ್ ವಿಕೆಟ್ ಎಲ್ಲ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಹೊಸದಾಗಿ ಕಿವಿಗೆ ಬಿದ್ದದ್ದು ‘ಔಟ್ ಇನ್ ದ ಮಿಡ್ಲ್’. ಅದು ಮೈದಾನದ ನಡುವಿನ ಪಿಚ್ಚು, ಆಟ ನಡೆಯುವ ಜಾಗ. ‘ಹಿ ನೀಡ್ಸ್ ಸಮ್ ಟೈಮ್ ಇನ್ ದ ಮಿಡ್ಲ್’ ಅಂದರೆ ಅವನು ಕ್ರೀಸಿನಲ್ಲಿ ನಿಂತು ಸ್ವಲ್ಪ ಹೊತ್ತು ಬ್ಯಾಟ್ ಮಾಡಬೇಕು, ಕೈ ಕೂರಬೇಕು ಅಂತ. 2023ರ ಅಕ್ಟೋಬರ್ 8ರಂದು ಚೆನ್ನೈನಲ್ಲಿ ವಿಶ್ವಕಪ್ಪಿನ ಆಸ್ಟ್ರೇಲಿಯಾ ಪಂದ್ಯ ನೆನಪಿದೆಯಲ್ವಾ? ಗುರಿ 200, ನಮ್ಮದು 2 ರನ್ನಿಗೆ 3 ವಿಕೆಟ್. ಆಗ ಐದನೇ ಕ್ರಮಾಂಕದಲ್ಲಿ ಬಂದ ನಮ್ಮ ಕೆ.ಎಲ್. ರಾಹುಲ್ ಕೊಹ್ಲಿ ಜೊತೆ 165 ರನ್ ಸೇರಿಸಿ, 97 ಹೊಡೆದು ಔಟಾಗದೆ ಉಳಿದ. ಮಿಡ್ಲ್ ಆರ್ಡರ್ ಅಂದರೆ ಏನು, ಇನ್ ದ ಮಿಡ್ಲ್ ಅಂದರೆ ಏನು, ಚೆಂಡು ಬ್ಯಾಟಿನ ಮಿಡ್ಲ್‌ಗೆ ತಾಗುವುದು ಅಂದರೆ ಏನು, ಮೂರನ್ನೂ ತೋರಿಸಿಕೊಡಲು ಅದೊಂದು ಇನಿಂಗ್ಸ್ ಸಾಕು. ಗೋಡೌನ್ ಹುಡುಗರಿಗೆ ನಾನು ಅದನ್ನೇ ಉದಾಹರಣೆ ಕೊಡುವುದು.

ಕನ್ನಡ ನಮಗೆ ಇಲ್ಲಿ ಅಡ್ಡ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಟ್ಟನಡುವೆ ಅನ್ನುತ್ತೇವಲ್ಲ, ಅದಕ್ಕೆ ‘ರೈಟ್ ಇನ್ ದ ಮಿಡ್ಲ್’ ನೇರವಾಗಿ ಕೂರುತ್ತದೆ. ನಡು ಅಂದರೆ ಸೊಂಟ ಅಂತಲೂ ಅರ್ಥ. ಇಂಗ್ಲಿಷಿನಲ್ಲೂ ಮಿಡ್ಲ್ ಅಂದರೆ ಸೊಂಟದ ಸುತ್ತಲಿನ ಭಾಗ ಅಂತ ಒಂದು ಅರ್ಥ ಇದೆ! ಎಷ್ಟು ದೂರದ ಎರಡು ಭಾಷೆ, ಮೈಯನ್ನು ನೋಡಿದ ರೀತಿ ಒಂದೇ. ಇದು ಗೊತ್ತಾದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ರೈಲಿನ ಟಿಕೆಟ್ಟಿನಲ್ಲಿ ‘ಎಂಬಿ’ ಅಂದರೆ ಮಿಡ್ಲ್ ಬರ್ತ್. ಸ್ಲೀಪರ್ ಬೋಗಿಯಲ್ಲಿ ಎಂಟರ ಗುಂಪಿನಲ್ಲಿ 2 ಮತ್ತು 5 ಅದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಆ ಬರ್ತನ್ನು ಬಿಚ್ಚಿ ಅದರ ಮೇಲೆ ಮಲಗಬಹುದು.

ಕೊನೆಯದಾಗಿ ಒಂದು ಮಿಡ್ಲ್ ಇದೆ, ನಮ್ಮವರಿಗೆ ಜಾಸ್ತಿ ತಲೆನೋವು ಕೊಡುವುದು. ಮಿಡ್ಲ್ ನೇಮ್. ನಮ್ಮ ಬೀದಿಯ ಹುಡುಗ ಒಬ್ಬ ಅಮೆರಿಕದಲ್ಲಿ ಓದಲು ಅರ್ಜಿ ಹಾಕುತ್ತಿದ್ದ. ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದು, ‘ಅಣ್ಣ, ಇಲ್ಲಿ ಫಸ್ಟ್, ಮಿಡ್ಲ್, ಲಾಸ್ಟ್ ಅಂತ ಮೂರು ಕೇಳ್ತಾ ಇದೆ, ನಂಗೆ ಎರಡು ಇನಿಶಿಯಲ್ಲು, ಒಂದು ಹೆಸರು, ಏನು ಬರೀಲಿ?’ ಅಂದ. ಈ ಫಾರ್ಮು ಮಾಡಿದವರ ಲೆಕ್ಕ ಏನೆಂದರೆ ಮೊದಲು ಕರೆಯುವ ಹೆಸರು, ಕೊನೆಗೆ ಮನೆತನದ ಹೆಸರು, ಮಧ್ಯೆ ಇನ್ನೊಂದು. ನಮ್ಮ ಹಳೇ ಮೈಸೂರು ಕಡೆಯ ಲೆಕ್ಕ ತಿರುಗಾಮುರುಗಾ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಅನ್ನುವಲ್ಲಿ ಮೊದಲು ಊರು, ನಡುವೆ ತಂದೆ, ಕೊನೆಗೆ ಅವರ ಸ್ವಂತ ಹೆಸರು. ಸೋಮನಹಳ್ಳಿ ಮಲ್ಲಯ್ಯ ಕೃಷ್ಣ, ನಮ್ಮ ಎಸ್.ಎಂ. ಕೃಷ್ಣ ಅವರದೂ ಹಾಗೇ. ರಾಹುಲ್ ಶರದ್ ದ್ರಾವಿಡ್ ಅಂದಾಗ ಮಾತ್ರ ಫಾರ್ಮಿನ ಲೆಕ್ಕಕ್ಕೆ ಸರಿಹೊಂದುತ್ತದೆ, ಸ್ವಂತ ಹೆಸರು, ತಂದೆ, ಮನೆತನ. ನಮ್ಮ ಸಾಲಿನಲ್ಲಿ ನಡುವೆ ಇದೆ ಅಂತ ತಂದೆಯ ಹೆಸರನ್ನು ಮಿಡ್ಲ್ ನೇಮಿಗೆ ಹಾಕಿದರೆ, ಫಸ್ಟ್ ನೇಮಿಗೆ ಊರಿನ ಹೆಸರು ಹೋಗಿ ಕೂರುತ್ತದೆ, ಆಮೇಲೆ ಕಾಲೇಜಿನವರು ಹುಡುಗನನ್ನು ಊರಿನ ಹೆಸರಿಂದ ಕರೆಯುತ್ತಾರೆ.

ಭಾರತದ ಪಾಸ್‌ಪೋರ್ಟಿನಲ್ಲಿ ಮಿಡ್ಲ್ ನೇಮ್ ಅಂತ ಕಾಲಮ್ಮೇ ಇಲ್ಲ. ಗಿವನ್ ನೇಮ್, ಸರ್‌ನೇಮ್, ಎರಡೇ. ಇನಿಶಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಮನೆಯವರೆಲ್ಲ ಕೂತು ಯಾವುದು ಎಲ್ಲಿ ಅಂತ ನಿರ್ಧಾರ ಮಾಡಿ, ಮುಂದೆ ಟಿಕೆಟ್ಟು, ವೀಸಾ, ಕಾಲೇಜು ಎಲ್ಲ ಕಡೆ ಅದರಂತೆಯೇ ಹೋಗುತ್ತದೆ. ಈ ಹುಡುಗನ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮಿನಲ್ಲಿ ಅವನ ಹೆಸರು, ಸರ್‌ನೇಮಿನಲ್ಲಿ ತಂದೆಯ ಹೆಸರು ಇತ್ತು. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಫಸ್ಟ್ ಮತ್ತು ಲಾಸ್ಟ್ ತುಂಬಿದೆವು. ಮಿಡ್ಲ್ ನೇಮ್ ಕಾಲಂ ಖಾಲಿ ಬಿಟ್ಟೆವು. ಅದು ಕಡ್ಡಾಯ ಅಲ್ಲ ಅಂತ ಪಕ್ಕದಲ್ಲೇ ಬರೆದಿತ್ತು, ಅರ್ಜಿ ಹೋಯಿತು.